ಗಡಿಗೆಗೂ ಉಸಿರಾಡಲು ಜಾಗ ಬೇಕು

ನಿಪ್ಪಾಣಿಯಲ್ಲಿ ನಾನು ಬಾಡಿಗೆಗೆ ಹಿಡಿದಿದ್ದುದನ್ನು ಮನೆಯೆಂದು ಕರೆಯಲು ಸ್ವಲ್ಪ ಧೈರ್ಯವೇ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದೇ ಒಂದು ಕೋಣೆ. ಅಡಿಗೆಯೂ ಅಲ್ಲಿಯೇ, ಓದೂ ಅಲ್ಲಿಯೇ, ನಿದ್ರೆಯೂ ಅಲ್ಲಿಯೇ. ಕಿಟಕಿ ತೆರೆದರೆ ತಂಬಾಕಿನ ವಖಾರಿಯ ಘಾಟು, ಮುಚ್ಚಿದರೆ ಸೆಕೆ. ಪಕ್ಕದ ಅಂಥದೇ ಕೋಣೆಯಲ್ಲಿ ಐದು ಜನರ ಸಂಸಾರವೊಂದು ನೆಮ್ಮದಿಯಿಂದ ಬಾಳುತ್ತಿದ್ದುದರಿಂದ ಒಂಟಿಯಾದ ನನಗೆ ದೂರು ಹೇಳುವ ಅಧಿಕಾರವಿರಲಿಲ್ಲ. ಆ ಸಂಸಾರದ ಯಜಮಾನಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ವಿಧವೆ. ತವರು ಅಥಣಿಯ ಕಡೆಯ ಹಳ್ಳಿ. ಓಣಿಯವರೆಲ್ಲ ಆಕೆಯನ್ನು 'ಆಯಿ' ಎಂದೇ ಕರೆಯುತ್ತಿದ್ದರು; ನಾನೂ ಹಾಗೆಯೇ ಕರೆದೆ.

ಬೇಸಗೆಯ ಬೆಳಗುಗಳಲ್ಲಿ ಆಯಿ ನನಗೊಂದು ಚರಿಗೆ ಜೋಳದ ಅಂಬಲಿ ಕೊಡುತ್ತಿದ್ದಳು. ಮಜ್ಜಿಗೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಬೆರೆತ ಆ ತಂಪಿನ ಮುಂದೆ ಶಾಲೆಯ ಹಾದಿಯ ಚಹದಂಗಡಿಗಳೆಲ್ಲ ಸಪ್ಪೆಯಾದವು. ದಿನಾ ಬೇಡುವುದು ಸಂಕೋಚವೆನಿಸಿ ಒಂದು ದಿನ ಆಕೆಯ ಗಡಿಗೆಯಿಂದ ಹೆಪ್ಪಿಗೆಂದು ಒಂದು ಬಟ್ಟಲು ಹುಳಿನೀರು ಕೇಳಿ ತಂದೆ. ಜೋಳದ ಹಿಟ್ಟು ಕಲಸಿದೆ. ಹುಳಿ ಅತಿಯಾಗಬಾರದೆಂದು ಒಂದು ಉಂಡೆ ಬೆಲ್ಲ ಪುಡಿಮಾಡಿ ಸೇರಿಸಿದೆ. ಕೋಣೆಯಲ್ಲಿ ಗಡಿಗೆಗೆ ಸ್ಥಳವೆಲ್ಲಿ? ಅಗಲವಾದೊಂದು ಗಾಜಿನ ಬಾಟಲಿಗೆ ತುಂಬಿ, ಇರುವೆ ಹೋಗದಂತೆ ಬೂಚು ಬಿಗಿದು ಮಂಚದಡಿ ತಳ್ಳಿದೆ. ಎರಡನೆಯ ರಾತ್ರಿ ಮೂರನೆಯ ಜಾವದಲ್ಲಿ ಮಂಚದಡಿ ತೋಪು ಹಾರಿದಂತಾಯಿತು. ದೀಪ ಹಚ್ಚಿ ನೋಡಿದರೆ ಗಾಜು, ನೊರೆ, ಹಿಟ್ಟು. ತಿದ್ದಲು ತಂದಿದ್ದ ಹುಡುಗರ ನೋಟುಬುಕ್ಕುಗಳೆಲ್ಲ ಅಂಬಲಿಯಲ್ಲಿ ಮಿಂದಿದ್ದವು.

ಸದ್ದಿಗೆ ಎದ್ದು ಬಂದ ಆಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕಳು. "ಅದೂ ಒಂದ ಜೀವ ಐತ್ರಿ ಮಾಸ್ತರ. ಬಾಯಿ ಬಿಗದ್ರ ಹೆಂಗ ಸುಮ್ನಿರತೈತಿ? ಉಸರಾಡಾಕ ಜಾಗಾ ಬೇಕಲ್ರಿ ಅದಕ್ಕ!"

ಆ ಮಾತು ಎಷ್ಟು ದೊಡ್ಡ ಶಾಸ್ತ್ರವೆಂಬುದು ನನಗೆ ತಿಳಿದದ್ದು ವರ್ಷಗಳ ತರುವಾಯ, ಮನೆಯಲ್ಲಿಯೇ ಬಿಯರು ತಯಾರಿಸುವ ಪರದೇಶದವರ ಹವ್ಯಾಸದ ಬಗ್ಗೆ ಓದಿದಾಗ. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿಯ ಕಟ್ಟಳೆ ರದ್ದಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರರು 1978ರಲ್ಲಿ ರುಜು ಹಾಕಿದ ಕಾಯಿದೆಯಂತೆ ವಯಸ್ಕನೊಬ್ಬನಿರುವ ಮನೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಈ ಹವ್ಯಾಸಿಗಳೇನೂ ಬಂಗಲೆಗಳ ಒಡೆಯರಲ್ಲ. ಬಹು ಮಂದಿ ನನ್ನಂತೆಯೇ ಒಂದೆರಡು ಕೋಣೆಗಳಲ್ಲಿ ಬದುಕುವವರು. ಇಪ್ಪತ್ತು ಲೀಟರಿನ ಬಕೆಟ್ಟೊಂದನ್ನು ಎಲ್ಲಿಡಬೇಕೆಂಬುದೇ ಅವರ ಮೊದಲ ಚಿಂತೆ. ಬಟ್ಟೆಯ ಕಪಾಟಿನ ತಳದಲ್ಲಿ, ಸ್ನಾನದ ಕೋಣೆಯಲ್ಲಿ, ಮೇಜಿನ ಕೆಳಗೆ, ಒಟ್ಟಿನಲ್ಲಿ ಬೆಳಕು ಬೀಳದ, ತಂಪು ಕೆಡದ ಮೂಲೆಯಲ್ಲಿ ಅದು ವಾಸ ಮಾಡುತ್ತದೆ.

ಅವರ ಕ್ರಮ ಹೀಗೆ: ಮೊಳೆಯಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಬೇಗನೆ ಆರಿಸಿ, ಯೀಸ್ಟು ಬೆರೆಸಬೇಕು. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತದೆ. ಬಕೆಟ್ಟಿನ ಮುಚ್ಚಳಕ್ಕೊಂದು ತೂತು. ತೂತಿಗೊಂದು ಡೊಂಕು ನಳಿಗೆ. ನಳಿಗೆಯಲ್ಲಿ ಒಂದು ಗುಟುಕು ನೀರು. ಒಳಗಿನ ವಾಯು ಗುಳುಗುಳು ಎಂದು ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗುವುದಿಲ್ಲ. ಆಯಿಯ ಮಾತಿಗೆ ಯಂತ್ರದ ರೂಪ ಕೊಟ್ಟರೆ ಆಗುವುದು ಈ ನಳಿಗೆಯೇ.

ಹದಿನೆಂಟರಿಂದ ಇಪ್ಪತ್ತೆರಡು ಡಿಗ್ರಿಯ ತಂಪಿನಲ್ಲಿ ಒಂದು ವಾರ, ಹತ್ತು ದಿನ ಇದು ನಡೆಯುತ್ತದೆ. ಹುದುಗುವ ಬಕೆಟ್ಟು ತನ್ನ ಶಾಖವನ್ನು ತಾನೇ ಒಂದೆರಡು ಡಿಗ್ರಿ ಏರಿಸಿಕೊಳ್ಳುವುದರಿಂದ ಚಿಕ್ಕ ಕೋಣೆಯವರು ಅದರ ಸುತ್ತ ಒದ್ದೆ ಬಟ್ಟೆ ಸುತ್ತಿ, ಬುಡವನ್ನು ನೀರಿನ ತಟ್ಟೆಯಲ್ಲಿಡುತ್ತಾರೆ. ನಮ್ಮ ನೀರಿನ ಗಡಿಗೆಗೆ ಹಸಿ ಬಟ್ಟೆ ಸುತ್ತುವ ಉಪಾಯವೇ! ಬಳಿಕ ಬಾಟಲಿ ತುಂಬುವಾಗ ಲೀಟರಿಗೆ ಆರೇಳು ಗ್ರಾಮು ಸಕ್ಕರೆ ಹಾಕಿ ಬಿರಡೆ ಬಿಗಿಯುತ್ತಾರೆ. ಅಷ್ಟರಿಂದ ಹುಟ್ಟುವ ವಾಯುವೇ ಮುಂದೆ ಲೋಟದಲ್ಲಿ ನೊರೆಯಾಗುತ್ತದೆ. ಹುದುಗು ಮುಗಿಯುವ ಮೊದಲೇ ಅವಸರಪಟ್ಟು ತುಂಬಿದರೆ, ಇಲ್ಲವೇ ಸಕ್ಕರೆ ಹೆಚ್ಚಾದರೆ, ನನ್ನ ಮಂಚದಡಿ ನಡೆದದ್ದೇ ಅಲ್ಲಿಯೂ ನಡೆಯುತ್ತದೆ. ಎರಡು ವಾರದ ಮೇಲೆ ಅತಿಥಿ ಬಂದಾಗ ಬಾಟಲಿಯನ್ನು ಅಲುಗಿಸದೆ, ಓರೆ ಹಿಡಿದ ಲೋಟಕ್ಕೆ ಒಂದೇ ಧಾರೆಯಲ್ಲಿ ಬಗ್ಗಿಸಿ, ತಳದ ಗಸಿಯನ್ನು ಬಾಟಲಿಯಲ್ಲಿಯೇ ಉಳಿಸಬೇಕು. ಮನೆಯ ಬಿಯರು ಬಡಿಸುವ ಶಿಷ್ಟಾಚಾರ ಇಷ್ಟೇ.

ಕಾಳು ಬಂತು, ಬಿಯರು ಬರಲಿಲ್ಲ

ಇಲ್ಲೊಂದು ಸ್ವಾರಸ್ಯವಿದೆ. ಬಾರ್ಲಿ ನಮ್ಮದಲ್ಲ, ಸರಿ. ಆದರೆ ಜೋಳ? ರಾಗಿ? ಇವೆರಡೂ ಆಫ್ರಿಕಾ ಖಂಡದಲ್ಲಿ ಬೆಳೆಯಾಗಿ ಪಳಗಿ ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಧಾನ್ಯಗಳು. ತವರಿನಲ್ಲಿ ಇಂದಿಗೂ ಇವುಗಳಿಂದ ಬಿಯರು ಮಾಡುತ್ತಾರೆ. ದಕ್ಷಿಣ ಆಫ್ರಿಕಾದ ಉಂಕೊಂಬೋತಿ ಎಂಬುದು ಮೊಳೆತ ಜೋಳ ಮತ್ತು ಮೆಕ್ಕೆಜೋಳದ ಹಿಟ್ಟಿನದು. ಮೊದಲು ಹುಳಿಯಿಸಿ, ಆಮೇಲೆ ಹುದುಗೆಬ್ಬಿಸಿ, ಗುಳ್ಳೆಯಾಡುತ್ತಿರುವಾಗಲೇ ಒಂದೆರಡು ದಿನಗಳಲ್ಲಿ ಕುಡಿದು ಮುಗಿಸುವಂಥದು. ನಮ್ಮ ದೇಶದ ಮಗ್ಗುಲಲ್ಲಿಯೇ, ಪೂರ್ವ ನೇಪಾಳ ಮತ್ತು ಸಿಕ್ಕಿಮಿನ ಗುಡ್ಡಗಳಲ್ಲಿ, ಹುದುಗಿದ ರಾಗಿಯನ್ನು ಬಿದಿರಿನ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹೊಯ್ದು, ಕೊಳವೆಯಿಂದ ಹೀರುತ್ತಾರೆ; ಅದರ ಹೆಸರು ತೋಂಗ್ಬಾ. ಸೋಸುವ ರಗಳೆಯಿಲ್ಲ, ಬಾಟಲಿಯಿಲ್ಲ, ಒಂದು ಪಾತ್ರೆಗೆ ಮತ್ತೆ ಮತ್ತೆ ನೀರು ಹೊಯ್ದು ಸಂಜೆಯೆಲ್ಲ ಕಳೆಯಬಹುದು. ಇಕ್ಕಟ್ಟಾದ ಮನೆಗೆ ಇದಕ್ಕಿಂತ ಜಾಣತನದ ಬಡಿಕೆ ನನಗಂತೂ ಕಾಣೆ.

ಅದೇ ಜೋಳ ಕೃಷ್ಣೆಯ ತೀರದ ಈ ಐದು ತಾಲೂಕುಗಳ ಮನೆಗಳಲ್ಲಿ ಅಂಬಲಿಯಾಗಿ ನಿಂತುಬಿಟ್ಟಿತು. ನೆರೆಯ ನೆಲವನ್ನು ನೋಡಿ: ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಹೊಳೆದಂಡೆಯಲ್ಲಿ ಕಣ್ಣು ಹಾಯುವಷ್ಟೂ ಕಬ್ಬು. ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ, ಅದರೊಡನೆ ಮದ್ಯಸಾರದ ಭಟ್ಟಿ. ನೀರಿನ ಆಸರೆಯಿಲ್ಲದ ಅಥಣಿಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ. ಕಬ್ಬು ದುಡ್ಡು ತಂದಿತು. ಹೊಟ್ಟೆ ತಣಿಸಿದ್ದು ಜೋಳವೇ. ಶಿವನು ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಸವಿದನೆಂಬ ಕಥೆ ಕೇಳದ ಮನೆ ಈ ಸೀಮೆಯಲ್ಲಿ ಉಂಟೆ? ದೇವರು ಬಂದರೂ ಬಡವನ ಮನೆಯಲ್ಲಿ ಬಡಿಸಲು ಇದ್ದದ್ದು ಅದೊಂದೇ.

ಇಲ್ಲಿನ ಸುಡು ಬಿಸಿಲೇ ಬಿಯರಿಗೆ ಅಡ್ಡಿಯಾಯಿತೆಂದು ಕೆಲವರು ಹೇಳಿಯಾರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಯೀಸ್ಟು ಕೆಟ್ಟ ವಾಸನೆ ಬಿಡುತ್ತದೆ. ಹುಳಿ ತರುವ ಸೂಕ್ಷ್ಮಜೀವಿಗಳಿಗಾದರೋ ಆ ಶಾಖವೇ ಹಬ್ಬ. ಆದರೆ ಆಫ್ರಿಕಾದಲ್ಲೇನು ಹಿಮ ಬೀಳುತ್ತದೆಯೇ? ನಿಜವಾದ ವ್ಯತ್ಯಾಸ ಎರಡು ಕಡೆ ಇದೆ: ಕಾಳನ್ನು ಮೊಳೆಯಿಸದೆ ಬೀಸುವುದರಲ್ಲಿ, ಮತ್ತು ಹುಳಿಯನ್ನು ಒಂದೇ ರಾತ್ರಿಗೆ ನಿಲ್ಲಿಸುವುದರಲ್ಲಿ.

ಆಯಿಯ ಗಡಿಗೆ

ಆಕೆಯ ಕೋಣೆಯಲ್ಲಿ ಗಡಿಗೆಗೆ ಮೀಸಲಾದ ಜಾಗ ಒಲೆಯಿಂದ ಒಂದು ಮೊಳ ದೂರದ ಮೂಲೆ. ಕೆಳಗೆ ಹಳೆಯ ಸೀರೆಯ ಸಿಂಬಿ, ಮೇಲೆ ಮಣ್ಣಿನ ಮುಚ್ಚಳ. ಮುಚ್ಚಳ ಒಂದು ಕಡೆ ಒಡೆದದ್ದು. ಹೊಸದು ತರಬಾರದೇ ಎಂದು ನಾನು ಕೇಳಿದ್ದುಂಟು. ಒಡೆದದ್ದೇ ಒಳ್ಳೆಯದೆಂಬ ಉತ್ತರದ ಅರ್ಥ ಬಾಟಲಿ ಸಿಡಿದ ಮೇಲೆ ಹೊಳೆಯಿತು.

ಬೀಡಿಯ ಮೊರ ಬದಿಗಿಟ್ಟ ಮೇಲೆ, ಮಲಗುವ ಮುನ್ನ, ಎರಡು ಹಿಡಿ ಜೋಳದ ಹಿಟ್ಟನ್ನು ಗಂಟಿಲ್ಲದಂತೆ ನೀರಿನಲ್ಲಿ ಕಲಸಿ ಗಡಿಗೆಗೆ ಹೊಯ್ಯುತ್ತಿದ್ದಳು. ತಳದಲ್ಲಿ ನಿನ್ನೆಯ ಹುಳಿ ಒಂದು ಬಟ್ಟಲಿನಷ್ಟು ಉಳಿದೇ ಇರುತ್ತಿತ್ತು. ಗಡಿಗೆಯನ್ನು ತೊಳೆಯುವುದು ಬರಿಯ ನೀರಿನಿಂದ. ಬೂದಿ ಹಾಕಿ ತಿಕ್ಕಿದರೆ 'ಗಡಗಿ ಮರೀತೈತಿ' ಎನ್ನುವಳು. ಮಣ್ಣಿನ ರಂಧ್ರಗಳಲ್ಲಿ ತಲೆಮಾರುಗಟ್ಟಲೆ ಮನೆ ಮಾಡಿಕೊಂಡ ಜೀವಿಗಳ ವಿಷಯವನ್ನು ಇದಕ್ಕಿಂತ ಚೊಕ್ಕವಾಗಿ ಹೇಳಲಾದೀತೇ? ಫ್ರಾನ್ಸಿನ ಲೂಯಿ ಪಾಸ್ಟರನು ಹಾಲು ಹುಳಿಯಾಗುವುದಕ್ಕೆ ಜೀವಾಣುವೇ ಕಾರಣವೆಂದು ಪ್ರಬಂಧ ಬರೆದದ್ದು 1857ರಲ್ಲಿ. ಬಿಯರಿನ ಬಗ್ಗೆ ಆತ ದೊಡ್ಡ ಗ್ರಂಥವನ್ನೇ ಬರೆದದ್ದು 1876ರಲ್ಲಿ. ಅದಾವುದನ್ನೂ ಕೇಳದ ಆಯಿ 'ಅದೂ ಒಂದ ಜೀವ' ಎಂದಿದ್ದಳು.

ಚಳಿಗಾಲದಲ್ಲಿ ಗಡಿಗೆ ಒಲೆಯ ಹತ್ತಿರಕ್ಕೆ ಸರಿಯುತ್ತಿತ್ತು. ಯುಗಾದಿ ಕಳೆದೊಡನೆ ನೀರಿನ ಕೊಡದ ಪಕ್ಕಕ್ಕೆ. ಬೇಸಗೆಯಲ್ಲಿ ಹಿಟ್ಟು ಕಲಸುವ ಹೊತ್ತೇ ಬದಲಾಗಿ ಊಟದ ಬಳಿಕವಲ್ಲ, ನಡುರಾತ್ರಿ ನೀರಿಗೆದ್ದಾಗ. ಹದ ತಿಳಿಯಲು ಆಕೆ ಕಿವಿ ಹತ್ತಿರ ಒಯ್ಯುತ್ತಿದ್ದಳು: ಸಣ್ಣಗೆ ಚಿಟಿಚಿಟಿ ಎಂದರೆ ಸರಿ. ಮೇಲೆ ನೊರೆ ಗುಪ್ಪೆಯಾಗಿ ಕಟ್ಟಿ, ಮೂಗಿಗೆ ಹಣ್ಣಿನಂಥ ವಾಸನೆ ಬಡಿದರೆ ತಡವಾಯಿತೆಂದು ಅರ್ಥ. ನಸುಕಿನಲ್ಲಿ ಎಸರು ಕಾಯಿಸಿ, ಆ ಹುಳಿಹಿಟ್ಟನ್ನು ಸುರಿದು, ಕೈಬಿಡದೆ ತಿರುವಿ ಕುದಿಸುತ್ತಿದ್ದಳು. ಈ ಕುದಿತವೇ ಅಂಬಲಿಗೂ ಬಿಯರಿಗೂ ನಡುವಣ ಗೋಡೆ. ಬಿಯರು ಮಾಡುವವನು ಮೊದಲು ಕುದಿಸಿ ಆಮೇಲೆ ಹುದುಗಿಸುತ್ತಾನೆ. ಆಯಿ ಮೊದಲು ಹುಳಿಯಿಸಿ ಆಮೇಲೆ ಕುದಿಸುತ್ತಾಳೆ. ಒಳಗೆ ಯೀಸ್ಟು ಹೊಕ್ಕಿದ್ದರೆ ಅದೂ ಸತ್ತಿತು, ಅಷ್ಟಿಷ್ಟು ಮದ್ಯಸಾರ ಹುಟ್ಟಿದ್ದರೆ ಅದೂ ಬಹುಮಟ್ಟಿಗೆ ಹಬೆಯಾಗಿ ಹೋಯಿತು. ಉಳಿದದ್ದು ಹುಳಿ, ಹಿಟ್ಟು, ತಂಪು.

ಬಡಿಸುವುದರಲ್ಲಿಯೂ ಕ್ರಮವಿತ್ತು. ಆರಿದ ಮೇಲೆ ಮಜ್ಜಿಗೆ, ಉಪ್ಪು. ಕೆಲಸಕ್ಕೆ ಹೊರಟವರಿಗೆ ಗಟ್ಟಿ, ಮಕ್ಕಳಿಗೆ ತೆಳು, ಬಾಣಂತಿ ಬಂದರೆ ಬೆಳ್ಳುಳ್ಳಿ ಹೆಚ್ಚು. ಜೊತೆಗೆ ಒಂದು ಉಳ್ಳಾಗಡ್ಡಿ, ಒಂದು ಹಸಿ ಮೆಣಸಿನಕಾಯಿ. ಅಷ್ಟು ಕಿರಿದಾದ ಕೋಣೆಯಲ್ಲಿ ಐವರೂ ಕೂಡಿ ಕೂಡಲು ಜಾಗವಿಲ್ಲದ್ದರಿಂದ ಇಬ್ಬರು ಹೊಸ್ತಿಲ ಮೇಲೆ, ಒಬ್ಬ ಕಟ್ಟೆಯ ಮೇಲೆ. ಕಟ್ಟೆಯ ಮೇಲೆ ಕೂತವನಿಗೆ ದಾರಿಹೋಕರು ಸಿಕ್ಕರೆ ಅವರಿಗೂ ಒಂದು ಬಟ್ಟಲು.

ಮೊಳಕೆಯ ಗುಟ್ಟು

ಕಾಳು ಮೊಳೆಯುವಾಗ ಅದರೊಳಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಪದಾರ್ಥ ಹುಟ್ಟುತ್ತದೆ. ಅದನ್ನು ಇಂದಿನ ಕನ್ನಡ ಪಠ್ಯಪುಸ್ತಕಗಳು 'ಕಿಣ್ವ' ಎನ್ನುತ್ತವೆ. ಈ ಶಬ್ದದ ಪೂರ್ವಾಶ್ರಮ ಅನೇಕರಿಗೆ ತಿಳಿಯದು: ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಸುರೆಗೆ ಹಾಕುವ ಹುದುಗು! ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಸೇರಿದರೆ 'ಮೇದಕ'ವೆಂಬ ಪಾನೀಯವಾಗುವುದೆಂದು ಅಲ್ಲಿ ಅಳತೆಯೇ ಕೊಟ್ಟಿದೆ. ಹೆಂಡದಂಗಡಿಯಲ್ಲಿ ಹುಟ್ಟಿದ ಮಾತು ಇಂದು ಹೈಸ್ಕೂಲಿನ ಕರಿಹಲಗೆಯ ಮೇಲೆ ಸಭ್ಯನಾಗಿ ಕುಳಿತಿದೆ.

ಬಿಯರಿನ ಅರ್ಧ ವಿದ್ಯೆ ನಮ್ಮ ತಾಯಂದಿರಿಗೆ ಗೊತ್ತೇ ಇದೆ. ಕೂಸಿಗೆ ಉಣಿಸಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ ಬೀಸುವುದಿಲ್ಲವೇ? ಅಂಗಡಿಯ 'ರಾಗಿ ಮಾಲ್ಟ್' ಎಂಬ ಹೆಸರಿನಲ್ಲಿರುವ ಮಾಲ್ಟು ಬಿಯರಿನ ಮಾಲ್ಟೇ. ಕಿಣ್ವವು ಗಂಜಿಯನ್ನು ತೆಳುವಾಗಿಸಿ ಸಿಹಿಯಾಗಿಸುತ್ತದೆ, ಕೂಸಿಗೆ ಜೀರ್ಣವಾಗುತ್ತದೆ. ಅಲ್ಲಿಂದ ಬಿಯರಿಗೆ ಒಂದು ಹೆಜ್ಜೆ. ಆ ಹೆಜ್ಜೆಯ ಬದಲು ತಾಯಿ ಕೂಸಿನ ಬಾಯಿಗೆ ಚಮಚ ಹಿಡಿದಳು.

ಜೋಳದ ಮೊಳಕೆಯ ಮಾತು ಸ್ವಲ್ಪ ಬೇರೆ. ಎಳೆಯ ಜೋಳದ ಪೈರು ಮೇದ ದನ ಬಿದ್ದು ಸಾಯುವುದನ್ನು ಅಥಣಿಯ ರೈತ ಬಲ್ಲ. ಮೊಳಕೆಯಲ್ಲಿಯೂ ಅದೇ ಸಯನೈಡಿನ ವಿಷವನ್ನು ಹುಟ್ಟಿಸುವ ಅಂಶವಿರುತ್ತದೆ. ಆಫ್ರಿಕಾದವರು ಮೊಳಕೆಯನ್ನು ಚೆನ್ನಾಗಿ ಒಣಗಿಸಿ, ಬೀಸಿ, ಕುದಿಸಿ ಅದನ್ನು ಕಳೆಯುವ ಕ್ರಮವನ್ನು ರೂಢಿಸಿಕೊಂಡರು. ನಮ್ಮವರು ಜೋಳವನ್ನು ಮೊಳೆಯಿಸುವ ಗೋಜಿಗೇ ಹೋಗದೆ ರೊಟ್ಟಿ ಬಡಿದರು.

ಬೆಲ್ಲ

ಇನ್ನು ಕಾಯಿದೆಯ ಮಾತು. ಕೌಟಿಲ್ಯನು ಸುರೆಗೆ ಅಧ್ಯಕ್ಷನನ್ನು ನೇಮಿಸಿ ಕಟ್ಟುನಿಟ್ಟು ಮಾಡಿದನಾದರೂ, ಗೃಹಸ್ಥರು ಮನೆಯ ಶುಭಕಾರ್ಯಗಳಿಗೆ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದೆಂದೂ, ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನ ಸುರೆ ಮಾಡಲು ಅನುಮತಿ ಕೊಡಬೇಕೆಂದೂ ಬರೆದ. ಇಪ್ಪತ್ತನೆಯ ಶತಮಾನ ಅಷ್ಟು ಉದಾರವಾಗಿರಲಿಲ್ಲ. ಈ ತಾಲೂಕುಗಳಿದ್ದ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಭಾಗ. ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವೂ 1949ರಲ್ಲಿ ಆ ಸಂಸ್ಥಾನದೊಡನೆ ಮುಂಬಯಿಯಲ್ಲಿ ವಿಲೀನವಾಗಿತ್ತು. ಅದೇ ವರ್ಷದ ಮುಂಬಯಿ ಪಾನನಿರೋಧ ಕಾಯಿದೆ ಮದ್ಯಸಾರವಿರುವ ದ್ರವಗಳನ್ನೆಲ್ಲ ಒಂದೇ ಬಲೆಯಲ್ಲಿ ಹಿಡಿಯಿತು. ಇದರ ವಿರುದ್ಧ ಬಾಲ್ಸಾರಾ ಎಂಬವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1951ರಲ್ಲಿ ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದು, ಮದ್ಯಸಾರ ಬೆರೆತ ಔಷಧ ಮತ್ತು ಸುಗಂಧ ಸಾಮಗ್ರಿಗಳ ಬಳಕೆಯನ್ನು ತಡೆಯುವ ಭಾಗಗಳನ್ನು ತಳ್ಳಿಹಾಕಿತು. ಹುಳಿ ಬಂದ ಅಂಬಲಿಯ ಬಗ್ಗೆ ಯಾರೂ ಮೊಕದ್ದಮೆ ಹೂಡಲಿಲ್ಲವೆಂಬುದು ನಮ್ಮ ಪುಣ್ಯ. ಈಗಿರುವ 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆಯೂ ಪರವಾನಗಿಯಿಲ್ಲದೆ ಮನೆಯಲ್ಲಿ ಒಂದು ಬಾಟಲಿ ಬಿಯರು ತಯಾರಿಸುವುದು ಅಪರಾಧವೇ. ಬೆಂಗಳೂರಿನಲ್ಲಿ ಪರವಾನಗಿ ಪಡೆದು ಗಿರಾಕಿಗಳ ಕಣ್ಣೆದುರಿಗೇ ಬಿಯರು ಇಳಿಸುವ ಉಪಾಹಾರಗೃಹಗಳಿವೆ. ಅದು ದುಡ್ಡಿದ್ದವರ ಮಾತು.

ಈ ಕಟ್ಟಳೆಯನ್ನು ಹಳಿಯುವುದು ಸುಲಭ. ಪರದೇಶದ ಹವ್ಯಾಸಿಯ ನಗುಮುಖ ನೋಡಿದಾಗ ನನಗೂ ಹಾಗೆನಿಸಿದ್ದುಂಟು. ಆದರೆ ನನ್ನ ಬಾಟಲಿಯ ಕಥೆಯಲ್ಲಿ ನಾನಿನ್ನೂ ಹೇಳದ ಒಂದು ತುಂಡು ಉಳಿದಿದೆ.

ಮರುದಿನ ಗಾಜು ಗುಡಿಸಲು ಆಯಿ ಬಂದಳು. ನೆಲ ಒರೆಸುತ್ತ ಬೆರಳನ್ನು ಮೂಗಿನ ಹತ್ತಿರ ಒಯ್ದು ತಟ್ಟನೆ ನಿಂತಳು.

"ಇದರಾಗ ಬೆಲ್ಲ ಹಾಕಿದ್ರೇನ್ರಿ ಮಾಸ್ತರ?"

"ಒಂದು ಉಂಡೆ ಹಾಕಿದ್ದೆ ಆಯಿ. ಹುಳಿ ಮುರಿಯಲೆಂದು."

ಆಕೆಯ ಮುಖದಲ್ಲಿ ನಿನ್ನೆಯ ನಗುವಿರಲಿಲ್ಲ. ಅರಿವೆ ಹಿಂಡಿಟ್ಟು, ನನ್ನ ಮುಖ ನೋಡದೆ ಹೇಳಿದಳು: "ನಮ್ಮ ಮನಿಯವರೂ ಹಿಂಗ ಸುರು ಮಾಡಿದ್ರು. ಇನ್ನ ಮ್ಯಾಲ ನನ್ನ ಗಡಗಿ ಹೆಪ್ಪ ಕೇಳಬ್ಯಾಡ್ರಿ."

ಕಬ್ಬಿನ ಸೀಮೆಯಲ್ಲಿ ಬೆಲ್ಲವೆಂದರೆ ಏನೆಂದು ಆಗ ನನಗೆ ತಿಳಿಯಿತು. ಮೊಳಕೆಯ ಹಂಗಿಲ್ಲದೆ ಯೀಸ್ಟಿಗೆ ನೇರವಾಗಿ ಸಕ್ಕರೆ ಸಿಕ್ಕುವ ಅಡ್ಡದಾರಿ ಅದು. ಗಡಿಗೆಯಲ್ಲಿ ಬೆಲ್ಲ ಕೊಳೆಯಿಸಿ, ಜಾಲಿಯ ತೊಗಟೆ, ನವಸಾಗರ ಹಾಕಿ, ಕದ್ದು ಭಟ್ಟಿ ಇಳಿಸುವ ಕಸುಬು ಪಾನನಿರೋಧದ ಕಾಲದಲ್ಲಿ ಹೊಳೆಸಾಲಿನ ಕಬ್ಬಿನ ಮರೆಯಲ್ಲಿ ಬೆಳೆಯಿತು. ಆಕೆಯ ಗಂಡ ವಾರದ ಪಗಾರವನ್ನು ಅದಕ್ಕೇ ಸುರಿದು ನಲವತ್ತು ತುಂಬುವ ಮೊದಲೇ ತೀರಿಕೊಂಡಿದ್ದನೆಂದು ಓಣಿಯವರು ಹೇಳಿದರು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತದ್ದು ಗಡಿಗೆಯ ಹುದುಗಿನಿಂದಲ್ಲ, ಕೈಗಾರಿಕೆಯ ವಿಷವಾದ ಮೆಥನಾಲ್ ಬೆರೆತದ್ದರಿಂದ. ಶಾಸ್ತ್ರಕ್ಕೆ ಈ ಭೇದ ಮುಖ್ಯ, ವಿಧವೆಯರಿಗೆ ಅಷ್ಟಿಲ್ಲ. 2007ರ ಜುಲೈ 1ರಿಂದ ಸರಕಾರ ಸಾರಾಯಿಯನ್ನೇ ನಿಷೇಧಿಸಿದಾಗ ಆಯಿ ಇರಲಿಲ್ಲ. ಇದ್ದಿದ್ದರೆ ಏನೆನ್ನುತ್ತಿದ್ದಳೋ!

ನಾಲ್ಕು ವಾರ ಆಕೆ ನನಗೆ ಅಂಬಲಿ ಕೊಡಲಿಲ್ಲ. ಮಾತು ಬಿಡಲಿಲ್ಲ, ಚರಿಗೆ ಮಾತ್ರ ಬರಲಿಲ್ಲ. ನಾನೂ ಕೇಳಲಿಲ್ಲ. ಮಳೆ ಹಿಡಿಯುವ ಮುಂಚಿನ ಒಂದು ಬೆಳಗ್ಗೆ ಬಾಗಿಲಲ್ಲಿ ಸದ್ದಾಯಿತು. ಆಯಿಯ ಕಿರಿಯ ಮಗಳು ಒಂದು ಚಿಕ್ಕ ಮಗಿ ಹಿಡಿದು ನಿಂತಿದ್ದಳು. ಒಳಗೆ ಹೆಪ್ಪು, ಮೇಲೆ ಬೇಕೆಂದೇ ಅಂಚು ಒಡೆದ ಮುಚ್ಚಳ.

"ಅವ್ವ ಕೊಟ್ಟಾಳ್ರಿ. ಮಂಚದ ಬುಡಕ ಇಡಬ್ಯಾಡಂತ, ಕಿಟಕಿ ಕಡೆ ಇಡಬೇಕಂತ. ಆಮ್ಯಾಲ…" ಹುಡುಗಿ ನೆನಪು ಮಾಡಿಕೊಂಡಳು, "ಆಮ್ಯಾಲ ಸಕ್ರಿ ಡಬ್ಬಿ ದೂರ ಇಡಬೇಕಂತ್ರಿ."

ಆ ಮಗಿ ಇಂದಿಗೂ ನಮ್ಮ ಮನೆಯಲ್ಲಿದೆ. ಎರಡು ಕೋಣೆಯ ಮನೆ, ಫ್ರಿಜ್ಜೂ ಇದೆ. ಬೇಸಗೆಯಲ್ಲಿ ಹುಳಿ ಅತಿಯಾದೀತೆಂದು ಸೊಸೆ ಅದನ್ನು ಒಳಗಿಡುತ್ತಾಳೆ. ಚಳಿಗೆ ಜೀವಿಗಳು ಮಂಕಾಗಿ ಮರುದಿನದ ಅಂಬಲಿ ಸಪ್ಪೆಯಾಗುತ್ತದೆ. ನಾನು ಗೊಣಗುತ್ತ ಹೊರತೆಗೆದು ಕಿಟಕಿಯ ಕಡೆ ಇಡುತ್ತೇನೆ.